ಬೀಸುವ ಕಲ್ಲಿನ ಹೋಳು ಸಿಕ್ಕ ಜಾಗ

ನಾನು ಮಧುಗಿರಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವವಳು. ರವಿಕೆಗೆ ಕಾಯುತ್ತಾ ಕೂತ ಹೆಂಗಸರು ನನ್ನ ಅಂಗಡಿಯಲ್ಲಿ ಹೇಳಿರುವ ದೆವ್ವದ ಕಥೆಗಳಿಗೆ ಲೆಕ್ಕವಿಲ್ಲ. ಮಿಡಿಗೇಶಿ ಬೆಟ್ಟದ ಮೇಲೆ ಯಾರೋ ಹೆಸರು ಹಿಡಿದು ಕೂಗಿದರಂತೆ, ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿದ್ದವಳು ಇಳಿಯದೆಯೇ ಮಾಯವಾದಳಂತೆ. ನಾನು ಬಾಯಲ್ಲಿ ದಾರ ಕಚ್ಚಿಕೊಂಡು ಹ್ಞೂಂಗುಟ್ಟುತ್ತಿದ್ದೆ, ಅವರು ಮೆಟ್ಟಿಲಿಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಟೇಪಿಗೆ ಸಿಗದ್ದನ್ನು ನಂಬುವ ಸ್ವಭಾವ ನನ್ನದಲ್ಲ. ಅರ್ಧ ಇಂಚು ಹೆಚ್ಚು ಕಡಿಮೆಯಾದರೆ ತೋಳು ಬಿಗಿಯುತ್ತದೆ, ಅಷ್ಟೇ ನನಗೆ ಗೊತ್ತಿರುವ ಸತ್ಯ.

ಅಂಥವಳು ಇದನ್ನು ಬರೆಯುತ್ತಿದ್ದೇನೆ. ನಗುವವರು ನಗಲಿ, ಬೇಜಾರಿಲ್ಲ. ಆದರೆ ಪೂರ್ತಿ ಓದಿ ಆಮೇಲೆ ನಗಬೇಕು ಎಂದು ಮಾತ್ರ ಕೇಳಿಕೊಳ್ಳುತ್ತೇನೆ.

ಮೊದಲು ನನ್ನ ಹುಚ್ಚಿನ ವಿಷಯ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮೂರ ಬೆಟ್ಟ ಹತ್ತಲು ಬಂದ ಇಬ್ಬರು ಹುಡುಗಿಯರು ಅಂಗಡಿಯಲ್ಲಿ ಬ್ಯಾಗು ಇಟ್ಟು ಹೋಗಿದ್ದರು. ಇಳಿದು ಬಂದಾಗ ಕುಣಿಯುತ್ತಿದ್ದರು. ಏನಮ್ಮ ವಿಷಯ ಎಂದರೆ, ಡಬ್ಬ ಸಿಕ್ಕಿತು ಆಂಟಿ ಎಂದರು. ಜಿಯೋಕ್ಯಾಶಿಂಗ್ ಎಂಬ ಆಟವಂತೆ. ಯಾರೋ ಒಂದು ಸಣ್ಣ ಡಬ್ಬದೊಳಗೆ ಪುಸ್ತಕ ಇಟ್ಟು, ಯಾರ ಕಣ್ಣಿಗೂ ಬೀಳದಂತೆ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರೆ. ಉಳಿದವರು ಆ ಸಂಖ್ಯೆಯನ್ನು ಫೋನಿಗೆ ಕೊಟ್ಟು, ಅದು ತೋರಿಸುವ ಬಾಣ ಹಿಡಿದು ಹೋಗಿ, ಹುಡುಕಿ, ಪುಸ್ತಕದಲ್ಲಿ ಹೆಸರು ಬರೆದು, ಡಬ್ಬವನ್ನು ಇದ್ದ ಹಾಗೇ ಇಟ್ಟು ಬರಬೇಕು. ಬಹುಮಾನವಿಲ್ಲ, ಏನೂ ಇಲ್ಲ. ಕೇಳಿದ ಕೂಡಲೇ ನನಗೆ ಮೈ ಜುಂ ಎಂದಿತು. ಇಡೀ ಲೋಕದ ಕಣ್ಣೆದುರು ಒಂದು ಗುಟ್ಟು ಕೂತಿದೆ, ಹಾದುಹೋಗುವ ಒಬ್ಬರಿಗೂ ಗೊತ್ತಿಲ್ಲ, ನನಗೆ ಮಾತ್ರ ಗೊತ್ತು ಎಂದರೆ ಅದಕ್ಕಿಂತ ಖುಷಿ ಇನ್ನೇನಿದೆ ಹೇಳಿ.

ಅಂದಿನಿಂದ ನನ್ನ ಕಾಲಿಗೆ ಚಕ್ರ ಬಂತು. ಭಾನುವಾರ ಬಂತೆಂದರೆ ಅಂಗಡಿಗೆ ಬೀಗ. ನಮ್ಮ ಕಡೆ ಇಂಥ ಡಬ್ಬಗಳು ಬಹಳ ಇಲ್ಲ. ಹಾಗಾಗಿ ಡಬ್ಬ ಇಲ್ಲದ ಜಾಗಗಳನ್ನೂ ಫೋನಿನಲ್ಲಿ ಗುರುತು ಹಾಕಿ, ಹೆಸರು ಕೊಟ್ಟು ಉಳಿಸಿಕೊಳ್ಳುವ ಚಟ ಹತ್ತಿತು. ಕೊರಟಗೆರೆ ಸಂತೆಯಲ್ಲಿ ಒಳ್ಳೆಯ ಹುಣಸೆಹಣ್ಣು ಸಿಗುವ ಮೂಲೆ, ಸಿರಾದಲ್ಲಿ ಗುಂಡಿ ಮತ್ತು ಲೇಸು ಮಾರುವ ಸಾಹೇಬರ ಅಂಗಡಿ, ಮಿಡಿಗೇಶಿ ಕೋಟೆಯ ಕೆಳಗೆ ಚಪ್ಪಲಿ ಕಿತ್ತುಹೋದ ಬಂಡೆ, ಎಲ್ಲವೂ ನನ್ನ ಫೋನಿನ ನಕ್ಷೆಯಲ್ಲಿ ಚುಕ್ಕಿಗಳಾಗಿ ಕೂತಿವೆ. ನಮ್ಮವರು ಬೈಕಿನ ಸಾರಥಿ. ಗೊಣಗದೆ ಒಂದು ದಿನವೂ ಬಂದವರಲ್ಲ, ಬರದೆ ಒಂದು ದಿನವೂ ಉಳಿದವರಲ್ಲ. "ಬೇರೆಯೋರ್ ಹೆಂಡ್ರು ಚಿನ್ನ ಕೇಳ್ತಾರೆ, ನೀನು ಖಾಲಿ ಡಬ್ಬ ಕೇಳ್ತೀಯ. ನನ್ನ ಪುಣ್ಯ ಬುಡು" ಎನ್ನುತ್ತಾರೆ.

ಈ ಆಟದಲ್ಲಿ ಹೊಸ ಡಬ್ಬದ ಪುಸ್ತಕದಲ್ಲಿ ಮೊದಲ ಹೆಸರು ಬರೆಯುವುದೇ ದೊಡ್ಡ ಗೌರವ. ಸಿರಾದವರೊಬ್ಬರಿದ್ದಾರೆ, ಮುಖ ನೋಡಿಲ್ಲ, ಆದರೆ ನಾನು ಎಲ್ಲಿಗೆ ಹೋದರೂ ಅವರ ಹೆಸರು ಮೊದಲ ಸಾಲಿನಲ್ಲಿ ಕೂತಿರುತ್ತದೆ. ಸೋಲು ಎಂದರೆ ನನಗೆ ಆಗಿಬರುವುದಿಲ್ಲ. ಒಂದೇ ಒಂದು ಸಲ ಆ ಮನುಷ್ಯನಿಗಿಂತ ಮೊದಲು ಹೋಗಬೇಕೆಂದು ಒಳಗೇ ಕುದಿಯುತ್ತಿದ್ದೆ.

ಹೀಗಿರುವಾಗ ಶಿವರಾತ್ರಿ ಕಳೆದ ಮೊದಲ ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಫೋನು ಟಿಂಗ್ ಎಂದಿತು. ಪಾವಗಡದ ಆಚೆ, ರಾಯಚರ್ಲು ಕಡೆಯ ಸೋಲಾರ್ ಬಯಲಿನ ಅಂಚಿನಲ್ಲಿ ಹೊಸ ಡಬ್ಬ. ಸಂಖ್ಯೆಯನ್ನು ನೇರವಾಗಿ ಕೊಟ್ಟಿರಲಿಲ್ಲ, ಒಂದು ಒಗಟು ಬಿಡಿಸಿದರೆ ಸಂಖ್ಯೆ ಸಿಗುತ್ತಿತ್ತು. ಉಪ್ಪಿಟ್ಟು ತಳ ಹಿಡಿಯಿತು, ಒಗಟು ಬಿಡಿಸಿದೆ. ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಉತ್ತರ ಗೀಚಿಕೊಂಡು ಫೋನಿಗೆ ಹಾಕಿ, ನಮ್ಮವರನ್ನು ಎಬ್ಬಿಸಿ ಹೊರಡಿಸಿದೆ. ಸಿರಾದವರಿಗೂ ಆ ಹೊತ್ತಿಗೆ ಟಿಂಗ್ ಎಂದಿರುತ್ತದೆ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಮಿಡಿಗೇಶಿ ದಾಟಿ, ಪಾವಗಡ ದಾಟಿ, ರಾಯಚರ್ಲು ಕಡೆ ತಿರುಗುವ ಹೊತ್ತಿಗೆ ಬಿಸಿಲು ನೆತ್ತಿಗೆ ಏರುತ್ತಿತ್ತು. ರಸ್ತೆಯ ಒಂದು ಮಗ್ಗುಲಲ್ಲಿ ತಂತಿಬೇಲಿ, ಅದರಾಚೆ ಕಣ್ಣು ಹೋಗುವಷ್ಟು ದೂರ ಸೋಲಾರ್ ಹಲಗೆಗಳು. ಇನ್ನೊಂದು ಮಗ್ಗುಲಲ್ಲಿ ಜಾಲಿ ಬೆಳೆದ ಬೀಳು ನೆಲ. ಊರು ದಾಟಿದ ಮೇಲೆ ಒಂದು ಕೂಡುರಸ್ತೆಯಲ್ಲಿ ಟೀ ಅಂಗಡಿ ಕಂಡಿತು. ನಮ್ಮವರು ಟೀ ಇಲ್ಲದೆ ಒಂದು ಹೆಜ್ಜೆ ಮುಂದಿಡುವುದಿಲ್ಲವೆಂದು ಹಟ ಹಿಡಿದರು. ಅಲ್ಲಿನ ಬೆಂಚಿನ ಮೇಲೆ ಒಬ್ಬ ಅಜ್ಜಿ ಗಂಟು ಕಾಲಬಳಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದರು. ಹೆಸರು ಹನುಮಕ್ಕ. ಜೀವಮಾನವೆಲ್ಲ ಕುರಿ ಮಂದೆಯ ಹಿಂದೆ ನಡೆದವರು. ಈಗ ಮಂಡಿ ಹೋಗಿದೆ, ಮಗ ಕುರಿಗಳನ್ನೆಲ್ಲ ಮಾರಿಬಿಟ್ಟಿದ್ದಾನೆ, ಇನ್ನು ಮುಂದೆ ಕೊರಟಗೆರೆಯಲ್ಲಿ ಮಗಳ ಮನೆಯಲ್ಲಿ ಇರುವುದು ಎಂದು ತೀರ್ಮಾನವಾಗಿದೆ. ಇಷ್ಟನ್ನೂ ನಾನು ಟೀ ಆರಿಸಿಕೊಳ್ಳುವಷ್ಟರಲ್ಲಿ ಅವರೇ ಹೇಳಿದರು.

ನಾನು ಫೋನು ಹಿಡಿದು ಬಾಣ ಯಾವ ಕಡೆ ತಿರುಗುತ್ತದೆಂದು ನೋಡುತ್ತಿದ್ದೆ. ಏನದು ಎಂದು ಕೇಳಿದರು. ನನಗೆ ಯಾರಾದರೂ ಕೇಳಿದರೆ ಸಾಕು, ಡಬ್ಬ, ಬಾಣ, ಚುಕ್ಕಿ ಎಲ್ಲವನ್ನೂ ಉತ್ಸಾಹದಿಂದ ವಿವರಿಸಿದೆ. ಅಜ್ಜಿ ಕೇಳಿಸಿಕೊಂಡು ನನ್ನ ಕೈ ಹಿಡಿದುಕೊಂಡರು.

"ಅದು ಜಾಗ ತೋರಿಸ್ತೈತೆ ಅಂತೀಯಲ್ಲ ತಾಯಿ, ನನ್ ಕೂಸಿನ ಗುಡ್ಡೆ ಎಲ್ಲೈತೆ ಒಸಿ ನೋಡಮ್ಮ."

ಅವರ ಮೊದಲ ಮಗು ಈ ಬಯಲಿನಲ್ಲೇ ತೀರಿಹೋಗಿತ್ತು. ಮಂದೆ ಹೊಡೆದುಕೊಂಡು ಬಂದು ಇಲ್ಲಿ ಬೀಡು ಬಿಟ್ಟಿದ್ದಾಗ, ಇಂಥದೇ ಬಿಸಿಲಿನ ದಿನಗಳಲ್ಲಿ ಜ್ವರ ಬಂದು, ಮೈ ಹಂಚಿನ ಹಾಗೆ ಸುಟ್ಟು, ಎರಡು ದಿನದಲ್ಲಿ ಹೋಯಿತಂತೆ. ಎರಡು ಗುಂಡುಬಂಡೆ, ಒಂದು ಹುಣಸೆಮರ, ಅವುಗಳ ನಡುವೆ ಮಣ್ಣು ಮಾಡಿ ಮೇಲೆ ಕಲ್ಲು ಪೇರಿಸಿದರು. ನರಿ ಕೆದಕಬಾರದೆಂದು ಮಂದೆಯ ಜೊತೆ ಹೊತ್ತು ತಿರುಗುತ್ತಿದ್ದ ಬೀಸುವ ಕಲ್ಲಿನ ಒಡೆದ ಅರ್ಧವನ್ನು ಮೊದಲು ಇಟ್ಟು, ಅದರ ಮೇಲೆ ಉಳಿದ ಕಲ್ಲು. ಆಮೇಲೆ ಪ್ರತಿ ವರ್ಷ ಮಂದೆ ಆ ದಾರಿಯಲ್ಲಿ ಬಂದಾಗ ತಾಯಿಯಾದವಳು ಒಂದು ಕಲ್ಲು ಸೇರಿಸಿ, ಒಂದು ಗುಟುಕು ಕುರಿಹಾಲು ಬಿಟ್ಟು ಹೋಗುವುದು ಅವರ ಮನೆಯ ಪದ್ಧತಿ. ನಡುವೆ ಕೆಲವು ವರ್ಷ ಮಂದೆ ಬೇರೆ ಕಡೆ ಹೋಯಿತು. ತಿರುಗಿ ಬರುವಷ್ಟರಲ್ಲಿ ಬಯಲೆಲ್ಲ ಸೋಲಾರ್ ಆಗಿತ್ತು. ಬಂಡೆಯೂ ಇಲ್ಲ, ಮರವೂ ಇಲ್ಲ. ಅಂದಿನಿಂದ ಬಂದಾಗಲೆಲ್ಲ ಬೇಲಿಯ ಉದ್ದಕ್ಕೂ ಹುಡುಕಿದ್ದಾರೆ.

"ಎಲ್ರೂ ಅದರಡಿಗೆ ಹೋಯ್ತು ಬುಡು ಅಂತಾರೆ. ಇವತ್ತು ಬಸ್ ಹತ್ಬುಟ್ರೆ ಇನ್ನ ಈ ಕಡೀಕೆ ಬರಾಕಾಗಲ್ಲ ಕಣಮ್ಮ. ಒಂದು ಕಲ್ಲು ಇಕ್ಬುಟ್ಟು ಹೋಗಾನ ಅಂತಿತ್ತು" ಎಂದರು. ಸೆರಗಿನ ತುದಿಯಲ್ಲಿ ಒಂದು ಕಲ್ಲನ್ನು ಕಟ್ಟಿಕೊಂಡೇ ಇದ್ದರು, ನನಗೆ ತೋರಿಸಿದರು.

ನಾನು ಆಗ ಹೇಳಿದ್ದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಅಜ್ಜಿ, ಮೊದಲೇ ಯಾರಾದರೂ ಅಲ್ಲಿ ನಿಂತು ಸಂಖ್ಯೆ ಬರೆದುಕೊಂಡಿದ್ದರೆ ಮಾತ್ರ ಫೋನು ತೋರಿಸುತ್ತದೆ, ಇಲ್ಲದಿದ್ದರೆ ಅದಕ್ಕೇನು ಗೊತ್ತು ಎಂದು ಪಾಠ ಹೇಳುವವಳ ಹಾಗೆ ಹೇಳಿಬಿಟ್ಟೆ. ಮಾತು ಸರಿಯೇ. ಆದರೆ ಹೇಳುವಾಗಲೂ ನನ್ನ ಕಣ್ಣು ರಸ್ತೆಯ ಮೇಲಿತ್ತು, ಸಿರಾ ಕಡೆಯ ಬೈಕು ಯಾವುದಾದರೂ ಬಂತೇನೋ ಎಂದು. ಅಜ್ಜಿ ಕೈ ಬಿಟ್ಟರು. "ಹೂಂ, ಅದ್ಕೇನ್ ಗೊತ್ತು ಪಾಪ" ಎಂದರು. ನಮ್ಮವರು ಅರ್ಧ ಟೀ ಬಿಟ್ಟು ಎದ್ದರು, ನನ್ನ ಮುಖ ನೋಡಲಿಲ್ಲ.

ಬಾಣ ಬೇಲಿಯ ಕಡೆಗಲ್ಲ, ಎದುರುಗಡೆಯ ಬೀಳು ನೆಲದ ಕಡೆ ತೋರಿಸುತ್ತಿತ್ತು. ಬೈಕು ರಸ್ತೆಬದಿ ನಿಲ್ಲಿಸಿ ಜಾಲಿಯೊಳಗೆ ನುಗ್ಗಿದೆವು. ಇನ್ನೂರು ಮೀಟರ್, ನೂರು, ಐವತ್ತು. ಈ ಆಟ ಆಡಿದವರಿಗೆ ಗೊತ್ತು, ಸಂಖ್ಯೆ ಇಳಿಯುತ್ತಾ ಬಂದ ಹಾಗೆ ಎದೆ ಹೊಡೆದುಕೊಳ್ಳುವುದು ಏರುತ್ತಾ ಹೋಗುತ್ತದೆ. ಸೀರೆಗೆ ಮುಳ್ಳು ಸಿಕ್ಕಿ ಹರಿದದ್ದೂ ತಿಳಿಯಲಿಲ್ಲ. ಬಾಣ ಸೊನ್ನೆ ತೋರಿಸಿದ ಕಡೆ ಮೊಣಕಾಲೆತ್ತರದ ಒಂದು ಕಲ್ಲಿನ ರಾಶಿ ಇತ್ತು. ಯಾರೋ ಕೈಯಿಂದ ಪೇರಿಸಿದ್ದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಕಾಡಿನಲ್ಲಿ ಪೇರಿಸಿದ ಕಲ್ಲು ಕಂಡರೆ ಈ ಆಟದವರಿಗೆಲ್ಲ ಒಂದೇ ಅರ್ಥ, ಅದರೊಳಗೆ ಡಬ್ಬ ಇದೆ. ನಾನು ಮಂಡಿಯೂರಿ ಕೂತು ಕಲ್ಲು ತೆಗೆಯಲು ಶುರುಮಾಡಿದೆ.

ಆ ಗಳಿಗೆಯಲ್ಲಿ ಅಜ್ಜಿಯ ಮಾತು ನನ್ನ ತಲೆಯಲ್ಲಿ ಇರಲೇ ಇಲ್ಲ, ದೇವರಾಣೆ ಇರಲಿಲ್ಲ. ಅವರು ಹೇಳಿದ್ದು ಬಂಡೆ, ಮರ ಇದ್ದ ಜಾಗ, ರಸ್ತೆಯ ಆ ಕಡೆಯ ಸೋಲಾರ್ ಬಯಲು. ಇದು ಈ ಕಡೆಯ ಬೀಳು, ಬಂಡೆಯೂ ಇಲ್ಲ, ಮರದ ಬುಡವೂ ಇಲ್ಲ. ಒಂದೊಂದೇ ಕಲ್ಲು ತೆಗೆದು ಪಕ್ಕಕ್ಕೆ ಇಡುತ್ತಾ ಹೋದೆ. ನಮ್ಮವರು ಎರಡು ಸಲ ಸಾಕು ಬಾ ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತೋ ಹನ್ನೆರಡೋ ಕಲ್ಲು ತೆಗೆದ ಮೇಲೆ ಕೈಗೆ ನುಣುಪಾದದ್ದೊಂದು ಸಿಕ್ಕಿತು. ಮಣ್ಣು ಒರೆಸಿದೆ. ಅರ್ಧಚಂದ್ರದ ಆಕಾರ, ನೇರ ಅಂಚಿನ ನಡುವೆ ಅರ್ಧ ತೂತು, ಅಡಿಯಲ್ಲಿ ಉಳಿಯ ಹೊಡೆತದ ಗುರುತು. ರಾಗಿ ಬೀಸುವ ಕಲ್ಲಿನ ಅರ್ಧ ಹೋಳು.

ನಮ್ಮವರು ಹಿಂದಿನಿಂದ, "ಲೇ, ಮುಟ್ಬೇಡ ಕಣೇ ಅದನ್ನ" ಎಂದು ಮೆಲ್ಲಗೆ ಹೇಳಿದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ.

ಚೀಲದಿಂದ ಅಳತೆ ಪುಸ್ತಕ ತೆಗೆದು ನೋಡಿದೆ. ಅಲ್ಲೇ ನನ್ನ ತಪ್ಪು ಕಂಡಿತು. ಭೂಪಟದ ಲೆಕ್ಕದಲ್ಲಿ ಅಕ್ಷಾಂಶ ರೇಖಾಂಶದ ಡಿಗ್ರಿಯನ್ನೂ ನಿಮಿಷ, ಸೆಕೆಂಡು ಎಂದೇ ಒಡೆಯುತ್ತಾರೆ, ಒಂದು ನಿಮಿಷಕ್ಕೆ ಅರವತ್ತು ಸೆಕೆಂಡು. ಆದರೆ ನಮ್ಮ ಆಟದವರು ಸೆಕೆಂಡು ಬರೆಯುವುದಿಲ್ಲ, ನಿಮಿಷದ ಮುಂದೆ ಚುಕ್ಕಿ ಇಟ್ಟು ನೂರರ ಲೆಕ್ಕದಲ್ಲಿ ಬರೆಯುತ್ತಾರೆ. ಈ ಒಗಟಿನ ಉತ್ತರ ಬಂದದ್ದು ಸೆಕೆಂಡಿನಲ್ಲಿ, ನಾನು ಅಭ್ಯಾಸದ ಕೈಯಲ್ಲಿ ಚುಕ್ಕಿ ಇಟ್ಟುಬಿಟ್ಟಿದ್ದೆ. ಅರವತ್ತನ್ನು ನೂರು ಮಾಡಿದ್ದರಿಂದ ಕೆಲವು ನೂರು ಮೀಟರ್ ಈಚೆ ಬಂದು ನಿಂತಿದ್ದೆವು. ನಿಜವಾದ ಡಬ್ಬ ಇನ್ನೂ ಮುಂದೆ ಇತ್ತು, ನಡೆದರೆ ಐದಾರು ನಿಮಿಷ. ಪುಸ್ತಕದ ಮೊದಲ ಸಾಲು ಖಾಲಿ ಇದ್ದರೂ ಇರಬಹುದು.

ನಾನು ದೊಡ್ಡ ಮನಸ್ಸಿನವಳೆಂದು ಹೇಳಿಕೊಳ್ಳುವುದಿಲ್ಲ. ಆ ಐದಾರು ನಿಮಿಷದ ಆಸೆ ಬಂದದ್ದು ನಿಜ. ಅಷ್ಟರಲ್ಲಿ ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ನಮ್ಮವರು ಆಗಲೇ ಬೈಕಿನ ಕಡೆ ಓಡುತ್ತಿದ್ದರು. ನಾನೂ ಫೋನು ಹಿಡಿದುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಬಿದ್ದು ಎದ್ದು ಓಡಿದೆ.

ಕೂಡುರಸ್ತೆಗೆ ಬಂದಾಗ ಬೆಂಚು ಖಾಲಿ. ಬಸ್ಸು ಪಾವಗಡದ ಕಡೆ ಧೂಳೆಬ್ಬಿಸಿಕೊಂಡು ಹೊರಟುಹೋಗಿತ್ತು. ನಮ್ಮ ಬೈಕು ಅಷ್ಟು ಜೋರಾಗಿ ಓಡಬಲ್ಲದು ಎನ್ನುವುದು ನನಗೆ ಅಂದೇ ತಿಳಿದದ್ದು. ಹೆಲ್ಮೆಟ್ಟಿನೊಳಗಿಂದಲೇ ನಮ್ಮವರು ಹೋಯ್ ಹೋಯ್ ಎಂದು ಕೂಗುತ್ತಿದ್ದರು, ನಾನು ಹಿಂದೆ ಕೂತು ಸೆರಗು ಬೀಸುತ್ತಿದ್ದೆ. ಒಂದು ಸೇತುವೆಯ ಹತ್ತಿರ ಬಸ್ಸಿಗೆ ಅಡ್ಡ ಹಾಕಿದೆವು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ, "ಏಮ್ಮಾ, ಪ್ರಾಣದ ಮೇಲೆ ಆಸೆ ಇಲ್ವಾ? ಟೈಮ್ ಅಯಿಪೋಯಿಂದಿ ನಂಗೆ" ಎಂದು ಹೊತ್ತು ಮೀರಿದ್ದಕ್ಕೆ ತೆಲುಗು ಬೆರೆಸಿ ರೇಗಿದರು. ನಾನು ಅವರನ್ನು ದಾಟಿ ಒಳಗೆ ಹೋದೆ. ಹನುಮಕ್ಕಜ್ಜಿ ಕಿಟಕಿಯ ಬದಿ ಕೂತು ಬೇಲಿಯನ್ನೇ ನೋಡುತ್ತಿದ್ದರು. ಅಜ್ಜಿ, ಬೀಸೋ ಕಲ್ಲಿನ ಹೋಳು ಸಿಕ್ಕಿದೆ ಎಂದೆ, ಅಷ್ಟೇ. ಗಂಟನ್ನೂ ಮರೆತು ಎದ್ದುಬಿಟ್ಟರು, ಕಂಡಕ್ಟರೇ ಅದನ್ನು ಕೆಳಗೆ ಇಳಿಸಿಕೊಟ್ಟರು.

ಒಂದೇ ಬೈಕಿನಲ್ಲಿ ಮೂವರು, ನಡುವೆ ಅಜ್ಜಿ. ಜಾಲಿಯೊಳಗೆ ಒಂದು ಕಡೆ ನಾನು, ಇನ್ನೊಂದು ಕಡೆ ನಮ್ಮವರು ಹಿಡಿದುಕೊಂಡು ನಡೆಸಿದೆವು. ಮಂಡಿ ನೋವಿನ ಅಜ್ಜಿ ನಮಗಿಂತ ಮುಂದೆ ಹೋಗಲು ಎಳೆದಾಡುತ್ತಿದ್ದರು. ರಾಶಿಯ ಹತ್ತಿರ ಬಂದ ಕೂಡಲೇ ಕೆಳಗೆ ಕೂತು ಆ ಹೋಳನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅದರ ಅಂಚಿನಲ್ಲಿ ಒಂದು ಕಡೆ ಚಕ್ಕೆ ಎದ್ದಿತ್ತು. ಅಲ್ಲಿ ಹೆಬ್ಬೆರಳು ಇಟ್ಟು, "ನಾನೇ ಎತ್ತಾಕಿದ್ದು, ನಮ್ಮತ್ತೆ ಬೈದಿದ್ಲು ಇದಕ್ಕೆ" ಎಂದರು. ಆಮೇಲೆ ಅತ್ತರು. ಜೋರಾಗಿ ಅಲ್ಲ, ಹಾಡಿನ ಹಾಗೆ ಸಣ್ಣ ದನಿ ತೆಗೆದು ಬಹಳ ಹೊತ್ತು. ನಾನೂ ಅತ್ತೆ. ನಮ್ಮವರು ಆ ಕಡೆ ತಿರುಗಿ ಬಿಸಿಲು ನೋಡುತ್ತಾ ನಿಂತಿದ್ದರು.

ನಾನು ತಪ್ಪು ಒಪ್ಪಿಕೊಂಡೆ. ಅಜ್ಜಿ, ಡಬ್ಬದ ಆಸೆಗೆ ನಾನೇ ಕಲ್ಲೆಲ್ಲ ಕಿತ್ತುಹಾಕಿದೆ ಎಂದೆ. ಬೈಯುತ್ತಾರೆಂದುಕೊಂಡಿದ್ದೆ. "ಕಿತ್ತಿದ್ಕೇ ಅಲ್ವೇನಮ್ಮ ಇದು ಕಂಡಿದ್ದು" ಎಂದರು. "ನಾ ಅತ್ಲಾಗ್ ಹುಡುಕ್ತಾ ಕುಂತಿದ್ದೆ, ಇದು ಇತ್ಲಾಗಿತ್ತು. ಕಣ್ಣೇ ನೆಟ್ಟಗಿರ್ಲಿಲ್ಲ ನಂಗೆ." ಮೂವರೂ ಸೇರಿ ಹೋಳನ್ನು ಅದರ ಜಾಗದಲ್ಲಿ ಇಟ್ಟು, ಮೇಲೆ ಕಲ್ಲುಗಳನ್ನು ಮತ್ತೆ ಪೇರಿಸಿದೆವು. ಕೊನೆಗೆ ಅಜ್ಜಿ ಸೆರಗಿನ ಗಂಟು ಬಿಚ್ಚಿ ತಮ್ಮ ಕಲ್ಲನ್ನು ಮೇಲೆ ಇಟ್ಟರು. ಕುರಿಹಾಲು ಇರಲಿಲ್ಲ, ನಮ್ಮ ಬಾಟಲಿಯ ನೀರನ್ನೇ ಬಿಟ್ಟರು.

ಈ ಜಾಗ ಇನ್ನು ಎಂದೂ ಕಳೆದುಹೋಗಬಾರದೆಂದು ನಾನು ಫೋನಿನಲ್ಲಿ ಗುರುತು ಹಾಕಲು ಹೊರಟೆ. ರಾಶಿಯ ಪಕ್ಕದಲ್ಲೇ ಫೋನು ಇಟ್ಟು, ಅದು ನಿಧಾನವಾಗಿ ಜಾಗ ಹಿಡಿದುಕೊಳ್ಳಲು ಬಿಟ್ಟೆ. ನಾಲ್ಕು ಮೀಟರಿನೊಳಗೆ ಖಚಿತ ಎಂದು ತೋರಿಸಿತು. ಉಳಿಸು ಎಂದು ಒತ್ತಿದರೆ ಹೆಸರು ಕೇಳಿತು. ಮಗುವಿನ ಹೆಸರೇನಜ್ಜಿ ಎಂದೆ.

ಮೂರು ತಿಂಗಳ ಕೂಸು, ಹೆಸರೇ ಇಟ್ಟಿರಲಿಲ್ಲವಂತೆ. ಮಂದೆ ಹಟ್ಟಿಗೆ ತಿರುಗಿದ ಮೇಲೆ ದೇವರ ಮುಂದೆ ಹೆಸರಿಡುವುದು ಅವರಲ್ಲಿ ನಡೆದುಬಂದದ್ದು. ಹಟ್ಟಿಗೆ ತಿರುಗಿದ್ದು ಮಗು ಇಲ್ಲದೆ. ಫೋನಿನ ಪರದೆಯಲ್ಲಿ ಖಾಲಿ ಚೌಕ ಮಿಣುಕುತ್ತಿತ್ತು. ಏನಾದರೂ ಬರೆಯದೆ ಅದು ಉಳಿಸುವುದಿಲ್ಲ ಅಜ್ಜಿ ಎಂದೆ. ಅವರು ಕಲ್ಲುಗಳ ಮೇಲೆ ಕೈಯಾಡಿಸಿದರು.

"ಓಬಕ್ಕ ಅಂತ ಬರ್ಕೊ. ನಮ್ಮವ್ವನ ಹೆಸ್ರು. ಅದನ್ನೇ ಇಡ್ಬೇಕು ಅಂತಿದ್ದೆ" ಎಂದರು.

ಬರೆದೆ. ಉಳಿಯಿತು. ಏನು ಬರೆದೆ ಓದು ಎಂದರು. ಓದಿದೆ. ಇನ್ನೊಂದು ಸಲ ಎಂದರು. ಮತ್ತೆ ಓದಿದೆ. ನನಗೆ ಆಗ ಆದ ಸಂತೋಷವನ್ನು ಹೇಳಲು ಬರುವುದಿಲ್ಲ. ಇಷ್ಟು ವರ್ಷ ಸಾವಿರ ಗುರುತು ಹಾಕಿದ್ದೆನಲ್ಲ, ಒಂದಕ್ಕಾದರೂ ಅರ್ಥ ಬಂತು ಅನ್ನಿಸಿತು.

ಅಜ್ಜಿಯನ್ನು ಮುಂದಿನ ಬಸ್ಸಿಗೆ ಹತ್ತಿಸಿ, ನಾವು ಆಮೇಲೆ ಡಬ್ಬದ ಕಡೆಗೂ ಹೋದೆವು. ಹಾಳು ಬಾವಿಯ ಕಟ್ಟೆಯ ಸಂದಿನಲ್ಲಿ ಇತ್ತು. ಮೊದಲ ಸಾಲಿನಲ್ಲಿ ಸಿರಾದವರ ಹೆಸರು, ಪಕ್ಕದಲ್ಲಿ ಹಾಕಿದ ಹೊತ್ತು ನೋಡಿದರೆ ಬರೆದು ಇನ್ನೂ ಅರ್ಧ ಗಂಟೆಯೂ ಆಗಿರಲಿಲ್ಲ. ಹೊಟ್ಟೆ ಉರಿಯಲಿಲ್ಲವೆಂದರೆ ಸುಳ್ಳಾದೀತು. ಆದರೆ ದಾರಿಯುದ್ದಕ್ಕೂ ನಾನು ನಮ್ಮವರ ಬೆನ್ನಿಗೆ ಆತು ವಟವಟ ಮಾತಾಡುತ್ತಲೇ ಬಂದೆ.

ಇಲ್ಲಿಗೆ ಮುಗಿದಿದ್ದರೆ ಇದು ಒಂದು ಒಳ್ಳೆಯ ಕಾಕತಾಳೀಯ ಅಷ್ಟೇ, ನಾನು ಬರೆಯುತ್ತಿರಲಿಲ್ಲ. ಸಂಜೆ ಮನೆಗೆ ಬಂದು ಕೈಕಾಲು ತೊಳೆದು, ಫೋನಿನಲ್ಲಿ ಆ ದಿನದ ನಕ್ಷೆ ತೆರೆದೆ. ನಾವು ಓಡಾಡಿದ ಗೆರೆ ಸರಿಯಾಗಿಯೇ ಇತ್ತು. ರಸ್ತೆಯಿಂದ ಬೀಳು ನೆಲದೊಳಗೆ ಹೋಗಿದೆ, ರಾಶಿಯ ಹತ್ತಿರ ಗಂಟು ಕಟ್ಟಿದ ಹಾಗೆ ನಿಂತಿದೆ, ಮತ್ತೆ ಹೊರಬಂದಿದೆ. ಆದರೆ ಆ ಗಂಟಿನ ಮೇಲೆ ಚುಕ್ಕಿ ಇರಲಿಲ್ಲ. ಓಬಕ್ಕ ಎಂಬ ಹೆಸರಿನ ಚುಕ್ಕಿ ರಸ್ತೆಯ ಆಚೆ, ಬೇಲಿಯ ಒಳಗೆ, ಒಂದು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಸೋಲಾರ್ ಹಲಗೆಗಳ ನಡುವೆ ಕೂತಿತ್ತು.

ಫೋನು ತಪ್ಪು ಮಾಡುತ್ತದೆ, ನನಗೆ ಗೊತ್ತಿಲ್ಲದ್ದೇನಲ್ಲ. ಆಕಾಶದ ಸಿಗ್ನಲ್ ಸಿಗದೆ ಟವರಿನಿಂದ ಜಾಗ ಹಿಡಿದರೆ ಇಷ್ಟು ದೂರ ಹೋಗುವುದುಂಟು ಎಂದು ಆಟದ ಗುಂಪಿನವರು ಹೇಳಿದರು. ಆದರೆ ನಾಲ್ಕು ಮೀಟರ್ ಎಂದು ತೋರಿಸಿದ್ದನ್ನು ನಾನೂ ನೋಡಿದ್ದೆ, ನಮ್ಮವರೂ ನೋಡಿದ್ದರು. ಅದೇ ಗಳಿಗೆಯ ಗೆರೆ ಸರಿಯಾಗಿದ್ದು ಚುಕ್ಕಿ ಮಾತ್ರ ಹೇಗೆ ಹಾರಿತು? ಎರಡು ವಾರ ಬಿಟ್ಟು ಮತ್ತೆ ಹೋಗಿ ಅದೇ ರಾಶಿಯ ಪಕ್ಕ ಕೂತು ಮೂರು ಸಲ ಗುರುತು ಹಾಕಿದೆ. ಮೂರೂ ರಾಶಿಯ ಮೇಲೆಯೇ ಬಿದ್ದವು.

ಆಮೇಲೆ ಹೊಳೆದದ್ದು ಹಳೆಯ ಚಿತ್ರಗಳ ವಿಷಯ. ಉಪಗ್ರಹದಿಂದ ತೆಗೆದ ವರ್ಷವರ್ಷದ ಚಿತ್ರಗಳು ಕಂಪ್ಯೂಟರಿನಲ್ಲಿ ಸಿಗುತ್ತವೆ. ಸೋಲಾರ್ ಬರುವುದಕ್ಕೆ ಮುಂಚಿನ ಚಿತ್ರ ಹುಡುಕಿ, ಓಬಕ್ಕನ ಚುಕ್ಕಿಯ ಸಂಖ್ಯೆಯನ್ನು ಅದರ ಮೇಲೆ ಹಾಕಿದೆ. ಬರಿ ಬಯಲು. ಆ ಬಯಲಿನಲ್ಲಿ ಎರಡು ದುಂಡನೆಯ ಬಂಡೆ, ಪಕ್ಕದಲ್ಲಿ ಒಂದು ಮರದ ಹರಡಿದ ನೆರಳು. ಚುಕ್ಕಿ ಅವುಗಳ ನಡುವೆ ಇತ್ತು. ಹಗಲು ಹನ್ನೊಂದು ಗಂಟೆ, ಹೊರಗೆ ಆಟೋಗಳ ಗಲಾಟೆ. ನಾನು ಅಂಗಡಿಯ ಬಾಗಿಲು ಮುಚ್ಚಿ ಮನೆಗೆ ಹೋದೆ.

ಕಲ್ಲುಗಳು ಈ ಕಡೆ ಹೇಗೆ ಬಂದವು ಎನ್ನುವುದಕ್ಕೆ ಒಂದು ಸಮಾಧಾನ ಇದೆ. ಟೀ ಅಂಗಡಿಯವರು ಹೇಳಿದ ಪ್ರಕಾರ, ನೆಲ ಸಮ ಮಾಡುವಾಗ ಕಲ್ಲೆಲ್ಲ ಟ್ರ್ಯಾಕ್ಟರಿನಲ್ಲಿ ಹೊರಗೆ ತಂದು ಸುರಿಯುತ್ತಿದ್ದರು. ಯಾರೋ ಕೂಲಿಯವರಿಗೆ ಇದು ಬರೀ ಕಲ್ಲಲ್ಲ ಅನ್ನಿಸಿ, ಅದೇ ಕ್ರಮದಲ್ಲಿ ಇಲ್ಲಿ ಪೇರಿಸಿರಬಹುದು. ಪುಣ್ಯಾತ್ಮರು ಯಾರೋ ಗೊತ್ತಿಲ್ಲ. ಆದರೆ ಅಜ್ಜಿಯನ್ನೂ ಕೂಲಿಯವರನ್ನೂ ಬಿಟ್ಟು ಬೇರೆ ಯಾರಿಗೂ ಗೊತ್ತಿರದ ಆ ಮೊದಲ ಜಾಗ, ಎಂದೂ ಅಲ್ಲಿಗೆ ಹೋಗದ ನನ್ನ ಫೋನಿಗೆ ಹೇಗೆ ಗೊತ್ತಾಯಿತು? ನಾನು ಅಳೆದೂ ಅಳೆದೂ ಸೋತಿದ್ದೇನೆ. ಅಂಗಡಿಯಲ್ಲಿ ಈಗ ಯಾರಾದರೂ ಕಥೆ ಹೇಳಿದರೆ ನಗುವುದನ್ನು ಬಿಟ್ಟಿದ್ದೇನೆ.

ಅಜ್ಜಿಗೆ ಹೇಳಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ಒದ್ದಾಡಿದೆ. ಕಲ್ಲು ಇಟ್ಟದ್ದು ಒಂದು ಕಡೆ, ಕೂಸು ಇರುವುದು ಇನ್ನೊಂದು ಕಡೆ ಎಂದು ಯಾವ ಬಾಯಲ್ಲಿ ಹೇಳುವುದು? ನಮ್ಮವರು ನಿನ್ನಿಷ್ಟ ಎಂದುಬಿಟ್ಟರು.

ಹೋದ ತಿಂಗಳು ಅವರೇ ಮಗಳ ಜೊತೆ ನನ್ನ ಅಂಗಡಿ ಹುಡುಕಿಕೊಂಡು ಬಂದರು. ಮೊಮ್ಮಗಳ ಮದುವೆಗೆ ರವಿಕೆ ಹೊಲಿಸಬೇಕಂತೆ. ಕೂತ ಕೂಡಲೇ, "ನನ್ ಓಬಕ್ಕನ್ನ ತೋರ್ಸು" ಎಂದರು. ಇಲ್ಲವೆನ್ನಲು ಆಗಲಿಲ್ಲ, ತೆರೆದು ಕೈಗೆ ಕೊಟ್ಟೆ. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ಆ ಚುಕ್ಕಿಯನ್ನೂ ಅದರ ಸುತ್ತಲಿನ ಹಲಗೆಗಳ ನೀಲಿಯನ್ನೂ ಬಹಳ ಹೊತ್ತು ನೋಡಿದರು.

"ಸುತ್ತ ನೀಲಿ ಐತಲ್ಲಮ್ಮ, ಮಳೆ ಆಗಿ ನೀರು ನಿಂತೈತಾ?"

ನಾನು ಹೂಂ ಅಜ್ಜಿ ಎಂದೆ.

"ಒಳ್ಳೇದಾಯ್ತು ಬುಡು. ಮೈಯೆಲ್ಲ ಸುಡ್ತಿತ್ತು ಅದಕ್ಕೆ" ಎಂದು ಅಜ್ಜಿ ಫೋನನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು.